ಹ್ಯಾಂಡಲ್ ಮೇಲಿನ ನಕ್ಷೆ: ಬೈಕಿಗೆ ಜಿಪಿಎಸ್ ಆರಿಸುವುದು, ಬಳಸುವುದು

ಕಾರಿನ ಜಿಪಿಎಸ್ ಸುಖಜೀವಿ. ಗಾಜಿನ ಹಿಂದೆ, ಎಸಿಯ ತಂಪಿನಲ್ಲಿ, ಚಾರ್ಜಿಂಗ್ ವೈರಿಗೆ ಅಂಟಿಕೊಂಡೇ ಇರುತ್ತದೆ. ಅದೇ ಪರದೆಯನ್ನು ಬೈಕಿನ ಹ್ಯಾಂಡಲ್ ಮೇಲೆ ಕೂರಿಸಿದರೆ ಪಾಡು ಬೇರೆ. ಮೇಲಿಂದ ಬಿಸಿಲು, ಎದುರಿನಿಂದ ಮಳೆ, ಕೆಳಗಿನಿಂದ ಎಂಜಿನ್ನಿನ ನಡುಕ, ಪಕ್ಕದಿಂದ ಲಾರಿ ಎರಚುವ ಕೆಸರು. ಸವಾರನ ಎರಡೂ ಕೈಗಳಿಗೆ ಕೆಲಸವಿದೆ, ಕಿವಿ ಹೆಲ್ಮೆಟ್ಟಿನೊಳಗಿದೆ, ಬೆರಳು ಗ್ಲೌಸಿನೊಳಗಿದೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ಯಾವುದು ಹೆಚ್ಚು ನಿಖರ ಎಂದು. ಆ ಚಿಂತೆ ಈಗ ಅಷ್ಟಾಗಿ ಬೇಡ. ಬಯಲಿನಲ್ಲಿ, ಆಕಾಶ ತೆರೆದಿರುವಾಗ, ಸಾಧಾರಣ ಫೋನು ಕೂಡ ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತದೆ. ಬೈಕ್ ಪ್ರವಾಸದಲ್ಲಿ ಕೈಕೊಡುವುದು ಹೆಚ್ಚಾಗಿ ನಕ್ಷೆ, ಪರದೆ, ಕರೆಂಟು ಮತ್ತು ಮೌಂಟು. ಆಯ್ಕೆಯ ಲೆಕ್ಕಾಚಾರ ಈ ನಾಲ್ಕರ ಸುತ್ತಲೇ ನಡೆಯಬೇಕು.

ಆಕಾಶದಿಂದ ಬರುವುದು ಎಷ್ಟು?

ಜಿಪಿಎಸ್ ಅಮೆರಿಕದ ಸೇನೆಗಾಗಿ ಹುಟ್ಟಿದ ವ್ಯವಸ್ಥೆ. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣವಾಗಿ ಸಿದ್ಧವಾಗಿದೆಯೆಂದು ಘೋಷಿಸಿದ್ದು 1995ರಲ್ಲಿ. ಆಗಲೂ ನಾಗರಿಕರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ನೀವಿರುವ ಜಾಗವೆಂದು ಅದು ತೋರಿಸುತ್ತಿದ್ದ ಬಿಂದು ಹತ್ತಾರು ಮೀಟರ್ ಆಚೀಚೆ ಅಲೆಯುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಬೆರಕೆ ನಿಂತಿತು. ಹೆದ್ದಾರಿಗೂ ಅದರ ಪಕ್ಕದ ಬೀದಿಗೂ ವ್ಯತ್ಯಾಸ ತಿಳಿಯುವ ಸಾಧನಗಳು ಜನರ ಕೈಗೆ ಬಂದದ್ದು ಅನಂತರವೇ.

ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಉಪಗ್ರಹವೂ ತನ್ನ ಗಡಿಯಾರದ ಸಮಯವನ್ನೂ ತಾನಿರುವ ಜಾಗವನ್ನೂ ಎಡೆಬಿಡದೆ ಪ್ರಸಾರ ಮಾಡುತ್ತಿರುತ್ತದೆ. ಸಂಕೇತ ತಲುಪಲು ಹಿಡಿದ ಸಮಯದಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದನ್ನು ಸಾಧನ ಲೆಕ್ಕ ಹಾಕುತ್ತದೆ. ಮೂರು ದೂರಗಳು ಗೊತ್ತಾದರೆ ಜಾಗ ಸಿಗಬೇಕು. ಆದರೆ ಸಾಧನದೊಳಗಿನ ಅಗ್ಗದ ಗಡಿಯಾರಕ್ಕೆ ಉಪಗ್ರಹದ ಪರಮಾಣು ಗಡಿಯಾರದ ಖಚಿತತೆ ಇಲ್ಲ. ಆ ತಪ್ಪನ್ನು ಕಳೆಯಲು ನಾಲ್ಕನೆಯ ಉಪಗ್ರಹ ಬೇಕು. ಆಕಾಶವಾಣಿ ಕೇಳುವ ರೇಡಿಯೋದಂತೆ ಈ ಸಾಧನಕ್ಕೂ ಬರೀ ಕೇಳುವ ಕೆಲಸ. ಅದು ಏನನ್ನೂ ಮೇಲಕ್ಕೆ ಕಳಿಸುವುದಿಲ್ಲ, ಸಿಮ್ ಬೇಡ, ಇಂಟರ್‌ನೆಟ್ ಬೇಡ, ತಿಂಗಳ ಬಾಡಿಗೆಯೂ ಇಲ್ಲ.

ಸಂಕೇತದ ಜೊತೆ ಬರುವ ಮಾಹಿತಿಯ ವೇಗ ಮಾತ್ರ ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹದ ನಿಖರವಾದ ಕಕ್ಷೆಯ ವಿವರ 30 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಪೂರ್ತಿ ಬರಲು 12.5 ನಿಮಿಷ ಹಿಡಿಯುತ್ತದೆ. ಫೋನುಗಳು ಈ ವಿವರವನ್ನು ಮೊಬೈಲ್ ನೆಟ್‌ವರ್ಕಿನಿಂದ ಎಳೆದುಕೊಳ್ಳುವುದರಿಂದ ಪೇಟೆಯಲ್ಲಿ ಕ್ಷಣದಲ್ಲಿ ಜಾಗ ತೋರಿಸುತ್ತವೆ, ನೆಟ್‌ವರ್ಕ್ ಇಲ್ಲದ ಕಾಡಂಚಿನಲ್ಲಿ ತಡವರಿಸುತ್ತವೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಸಾಧನವನ್ನು ಹೊರತೆಗೆದಾಗ ಅಂಗಳದಲ್ಲಿ, ಬೈಕ್ ನಿಂತಿರುವಾಗಲೇ ಆನ್ ಮಾಡಿ ಕೆಲವು ನಿಮಿಷ ಬಿಡುವುದು ಒಳ್ಳೆಯದು. ಹೊರಟ ಮೇಲೆ ಮರ, ಸೇತುವೆ, ಕಟ್ಟಡಗಳ ನಡುವೆ ಆ 30 ಸೆಕೆಂಡಿನ ಮಾಹಿತಿ ತುಂಡು ತುಂಡಾಗಿ, ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ.

ಇಂದಿನ ಸಾಧನಗಳು ಅಮೆರಿಕದ ಉಪಗ್ರಹಗಳನ್ನಷ್ಟೇ ನೆಚ್ಚಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೋ ಕೂಡ ಲೆಕ್ಕಕ್ಕೆ ಬರುತ್ತವೆ. ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಇಸ್ರೋ 2013ರ ಜುಲೈ 1ರಂದು ಹಾರಿಸಿತು. ಏಳನೆಯದು 2016ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿತು. ಇದರ ಸಂಚಾರ ನಿರ್ದೇಶನ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಉಪಗ್ರಹಗಳ ನಿಯಂತ್ರಣದಲ್ಲಿ ಹಾಸನದ ಕೇಂದ್ರಕ್ಕೂ ಪಾಲಿದೆ. ಹೆಮ್ಮೆಯ ಜೊತೆಗೆ ವಾಸ್ತವವನ್ನೂ ಹೇಳಬೇಕು: ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿವೆ, 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ಮುಟ್ಟಲಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ನಾವಿಕ್ ಎಂದು ಬರೆದಿದ್ದರೆ ಸಂತೋಷ, ಬರೆದಿಲ್ಲವೆಂದು ಒಂದು ಒಳ್ಳೆಯ ಸಾಧನವನ್ನು ಬಿಡಬೇಕಿಲ್ಲ. ಎರಡು ಕಂಪನಾಂಕಗಳಲ್ಲಿ ಕೇಳಬಲ್ಲ ಸಾಧನವೇ ಎಂಬುದು ಅದಕ್ಕಿಂತ ಉಪಯುಕ್ತ ಪ್ರಶ್ನೆ. ಕಟ್ಟಡಗಳಿಗೆ ಬಡಿದು ಬರುವ ಸುಳ್ಳು ಸಂಕೇತಗಳನ್ನು ಅಂಥವು ಚೆನ್ನಾಗಿ ಬೇರ್ಪಡಿಸುತ್ತವೆ. ಫೋನುಗಳಲ್ಲಿ ಈ ಸೌಲಭ್ಯ 2018ರಿಂದ ಬರುತ್ತಿದೆ.

ನಕ್ಷೆ ಯಾರ ಬಳಿ ಇದೆ?

ಘಾಟಿ ಇಳಿಯುವಾಗ ಮೊಬೈಲ್ ಸಿಗ್ನಲ್ ಮಾಯವಾದ ಕೂಡಲೇ ಜಿಪಿಎಸ್ ಹೋಯಿತು ಎನ್ನುವವರಿದ್ದಾರೆ. ಜಿಪಿಎಸ್ ಎಲ್ಲೂ ಹೋಗಿರುವುದಿಲ್ಲ. ನೀವಿರುವ ಜಾಗ ಫೋನಿಗೆ ಗೊತ್ತು, ಆ ಜಾಗದ ಚಿತ್ರ ಮಾತ್ರ ಅದರ ಬಳಿ ಇಲ್ಲ. ನೀಲಿ ಚುಕ್ಕೆ ಖಾಲಿ ಪರದೆಯ ಮೇಲೆ ಸರಿಯುತ್ತಲೇ ಇರುತ್ತದೆ. ಚಾರ್ಮಾಡಿ, ಕುದುರೆಮುಖದಂಥ ದಾರಿಗಳಲ್ಲಿ ದೀರ್ಘಕಾಲ ನೆಟ್‌ವರ್ಕ್ ಸಿಗದಿರುವುದು ಮಾಮೂಲು. ಅಲ್ಲಿ ಒಂದು ತಿರುವು ತಪ್ಪಿದರೆ ಹೊಸ ದಾರಿ ಲೆಕ್ಕ ಹಾಕಲು ಫೋನಿಗೆ ಇಂಟರ್‌ನೆಟ್ ಬೇಕು. ಅದು ಸಿಗುವುದು ಮತ್ತೊಂದು ಊರು ಬಂದ ಮೇಲೆ.

ಹಾಗಾಗಿ ಆಯ್ಕೆಯ ಮೊದಲ ಮಾನದಂಡ ಇದು: ನಕ್ಷೆ ಮತ್ತು ಮಾರ್ಗ ಹುಡುಕುವ ಬುದ್ಧಿ ಎರಡೂ ಸಾಧನದೊಳಗೇ ಇವೆಯೇ? ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳ ಬೈಕ್ ಸಾಧನಗಳಲ್ಲಿ ಇರುತ್ತವೆ. ಫೋನಿನಲ್ಲಿ ನಾವೇ ಏರ್ಪಾಡು ಮಾಡಿಕೊಳ್ಳಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಬಹುದು. ಆದರೆ ಆಫ್‌ಲೈನ್ ಆದಾಗ ಸಂಚಾರ ದಟ್ಟಣೆಯ ಮಾಹಿತಿ ಇರುವುದಿಲ್ಲ, ಬದಲಿ ದಾರಿಗಳನ್ನೂ ಅದು ಮುಂದಿಡುವುದಿಲ್ಲ. ಇಳಿಸಿಕೊಂಡ ನಕ್ಷೆಗೆ ವಾಯಿದೆಯೂ ಉಂಟು. ಓಎಸ್‌ಎಂಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳು ಹುಟ್ಟಿರುವುದೇ ಆಫ್‌ಲೈನ್ ಬಳಕೆಗೆ. ಇವುಗಳ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಶುರುವಾದ ಈ ಯೋಜನೆಯಲ್ಲಿ ಯಾರು ಬೇಕಾದರೂ ರಸ್ತೆ ಸೇರಿಸಬಹುದು, ತಿದ್ದಬಹುದು, ಊರಿನ ಹೆಸರನ್ನು ಕನ್ನಡದಲ್ಲೂ ಬರೆಯಬಹುದು. ಕಾಡುದಾರಿ, ತೋಟದ ದಾರಿಗಳು ಇದರಲ್ಲಿ ಕೆಲವೊಮ್ಮೆ ಗೂಗಲ್‌ಗಿಂತ ಚೆನ್ನಾಗಿ ಸಿಗುತ್ತವೆ. ಊಟದ ಹೋಟೆಲು, ಪಂಕ್ಚರ್ ಅಂಗಡಿ ಹುಡುಕುವ ವಿಷಯದಲ್ಲಿ ಗೂಗಲ್ ಬಹಳ ಮುಂದಿದೆ. ಎರಡನ್ನೂ ಇಟ್ಟುಕೊಳ್ಳಲು ಖರ್ಚೇನಿಲ್ಲ.

ಒಳಗಿರುವ ನಕ್ಷೆಗೆ ವಯಸ್ಸಾಗುತ್ತದೆ ಎಂಬುದು ಇದರ ಇನ್ನೊಂದು ಮುಖ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ದಶಕಗಳ ಕಾಲ ಲಾಂಚಿನಲ್ಲೇ ಹೋಗಬೇಕಿತ್ತು. ಬೈಕನ್ನೂ ಲಾಂಚಿಗೇ ಏರಿಸಬೇಕಿತ್ತು. 2025ರ ಜುಲೈ 14ರಂದು ಅಲ್ಲಿ ಎರಡು ಕಿ.ಮೀ.ಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅದಕ್ಕೂ ಮುಂಚಿನ ನಕ್ಷೆ ಇಟ್ಟುಕೊಂಡ ಸಾಧನ ಆಚೆ ದಡದ ಸಿಗಂದೂರಿಗೆ ಹೊರಟವರನ್ನು ಇಂದಿಗೂ ನೀರಿನಂಚಿಗೆ ಕರೆದೊಯ್ದು ಲಾಂಚಿಗೆ ಕಾಯಿಸುತ್ತದೆ, ಇಲ್ಲವೇ ಸುತ್ತುದಾರಿ ಹಿಡಿಸುತ್ತದೆ. ಸಾಧನ ಕೊಳ್ಳುವಾಗ ಭಾರತದ ನಕ್ಷೆ ಅದರಲ್ಲೇ ಇದೆಯೇ, ಬೇರೆಯಾಗಿ ಕೊಳ್ಳಬೇಕೇ, ನವೀಕರಣ ಉಚಿತವೇ ಎಂದು ಕೇಳಿ. ವಿದೇಶದಿಂದ ನೆಂಟರು ತಂದುಕೊಟ್ಟ ಸಾಧನದಲ್ಲಿ ಯುರೋಪಿನ ಹಳ್ಳಿಹಳ್ಳಿಯೂ ಇದ್ದು, ಚನ್ನರಾಯಪಟ್ಟಣವೇ ಇಲ್ಲದಿರಬಹುದು.

ಫೋನೋ, ಪ್ರತ್ಯೇಕ ಸಾಧನವೋ, ಬೈಕಿನ ಜೊತೆ ಬಂದದ್ದೋ

ಬೈಕಿಗೆಂದೇ ಮಾಡಿದ ಸಾಧನಗಳಲ್ಲಿ ಹೆಸರಾದದ್ದು ಗಾರ್ಮಿನ್‌ನ ಜೂಮೋ ಸರಣಿ. 2020ರಲ್ಲಿ ಬಂದ ಜೂಮೋ ಎಕ್ಸ್‌ಟಿಗೆ 5.5 ಅಂಗುಲದ ಪರದೆ, 2023ರ ಎಕ್ಸ್‌ಟಿ2ಗೆ 6 ಅಂಗುಲದ್ದು. ಡಚ್ ಕಂಪನಿ ಟಾಮ್‌ಟಾಮ್‌ನ ರೈಡರ್ ಸರಣಿಯೂ ಉಂಟು. ಬಿಎಂಡಬ್ಲ್ಯು ಬೈಕುಗಳ ನ್ಯಾವಿಗೇಟರ್ ಸಾಧನಗಳನ್ನೂ ತಯಾರಿಸಿಕೊಟ್ಟದ್ದು ಗಾರ್ಮಿನ್ನೇ. ಇವುಗಳ ಗುಣ ಒಂದೇ: ಬಿಸಿಲಲ್ಲಿ ಕಾಣುತ್ತವೆ, ಮಳೆಗೆ ಜಗ್ಗುವುದಿಲ್ಲ, ಗ್ಲೌಸಿನ ಬೆರಳಿಗೆ ಸ್ಪಂದಿಸುತ್ತವೆ, ಮೌಂಟಿನ ಮೂಲಕವೇ ಕರೆಂಟು ಪಡೆಯುತ್ತವೆ. ಬೆಲೆ ಒಂದು ಒಳ್ಳೆಯ ಫೋನಿನಷ್ಟಾಗುತ್ತದೆ. ಹೆಸರು ಹಾಕಿ ಜಾಗ ಹುಡುಕುವುದರಲ್ಲಿ ಫೋನಿನ ಚುರುಕು ಇವಕ್ಕಿಲ್ಲ. ವರ್ಷಕ್ಕೊಮ್ಮೆ ಲಡಾಖ್ ಅಥವಾ ಈಶಾನ್ಯದ ಕಡೆ ವಾರಗಟ್ಟಲೆ ಹೋಗುವವರಿಗೆ ಇದು ಹಣಕ್ಕೆ ತಕ್ಕ ವಸ್ತು. ತಿಂಗಳಿಗೊಮ್ಮೆ ಸಕಲೇಶಪುರಕ್ಕೆ ಹೋಗಿ ಬರುವವರಿಗೆ ಅಷ್ಟೊಂದು ಅಗತ್ಯ ಕಾಣುವುದಿಲ್ಲ.

ಬೈಕಿನಲ್ಲೇ ಜೋಡಿಸಿ ಬರುವ ವ್ಯವಸ್ಥೆಗಳು ಈಗ ಹೆಚ್ಚುತ್ತಿವೆ. ಟಿವಿಎಸ್ ಎನ್‌ಟಾರ್ಕ್ 125 ಸ್ಕೂಟರು 2018ರಲ್ಲೇ ಬ್ಲೂಟೂತ್ ಮೂಲಕ ತಿರುವು ತೋರಿಸುತ್ತಿತ್ತು. ರಾಯಲ್ ಎನ್‌ಫೀಲ್ಡ್ 2020ರ ಮೀಟಿಯರ್ 350ರ ಜೊತೆ ಟ್ರಿಪ್ಪರ್ ಎಂಬ ಪುಟ್ಟ ದುಂಡು ಪರದೆ ತಂದಿತು. ಅದರಲ್ಲಿ ಬಾಣದ ಗುರುತು ಮತ್ತು ದೂರ ಮಾತ್ರ. 2023ರ ಹಿಮಾಲಯನ್ 450ಯಲ್ಲಿ ದುಂಡು ಪರದೆಯ ಮೇಲೆ ಪೂರ್ತಿ ನಕ್ಷೆಯೇ ಬಂತು. ಇವೆಲ್ಲವುಗಳಲ್ಲೂ ನಿಜವಾದ ಕೆಲಸ ಮಾಡುವುದು ಜೇಬಿನಲ್ಲಿರುವ ಫೋನು. ಬೈಕಿನದು ತೋರಿಸುವ ಕೆಲಸ ಮಾತ್ರ. ಫೋನಿಗೆ ನೆಟ್‌ವರ್ಕ್ ಇಲ್ಲದ ಕಡೆ ಇವುಗಳಿಗೂ ಅದೇ ಗತಿ. ಜೊತೆಗೆ ಫೋನು ಜೇಬಿನಲ್ಲಿ ಬಿಸಿಯಾಗುತ್ತ ಬ್ಯಾಟರಿ ಕರಗಿಸುತ್ತದೆ. ಬೆಂಗಳೂರಿನ ಏಥರ್‌ನ 450ಎಕ್ಸ್ ಸ್ಕೂಟರು ಬೇರೆ ಜಾತಿಯದು. ಅದರ ಡ್ಯಾಶ್‌ಬೋರ್ಡಿಗೇ ಸಿಮ್ ಇದೆ, ಗೂಗಲ್ ಮ್ಯಾಪ್ಸ್ ಅಲ್ಲೇ ನಡೆಯುತ್ತದೆ.

ಬರೀ ಬಾಣ ತೋರಿಸುವ ಪರದೆಯನ್ನು ಕೀಳಾಗಿ ಕಾಣಬೇಡಿ. ಸಿಂಗಲ್ ರಸ್ತೆಯ ಪ್ರವಾಸದಲ್ಲಿ ಸವಾರನಿಗೆ ಬೇಕಾದದ್ದು ಮುಂದಿನ ಕವಲು ಎಷ್ಟು ದೂರ, ಎಡವೋ ಬಲವೋ ಎಂಬುದಷ್ಟೆ. ಪೇಟೆಯ ಐದು ದಾರಿ ಕೂಡುವ ವೃತ್ತದಲ್ಲಿ ಮಾತ್ರ ಬಾಣ ಸಾಲದು, ನಕ್ಷೆಯೇ ಬೇಕು.

ನನ್ನ ಮಟ್ಟಿಗೆ ಹೆಚ್ಚಿನವರಿಗೆ ಸರಿಹೊಂದುವ ದಾರಿ ಇವು ಯಾವುವೂ ಅಲ್ಲ. ಮನೆಯ ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನೊಂದಿದ್ದರೆ ಅದರಲ್ಲಿ ಆಫ್‌ಲೈನ್ ನಕ್ಷೆ ತುಂಬಿ, ಬೇಡದ ಆ್ಯಪ್‌ಗಳನ್ನೆಲ್ಲ ತೆಗೆದು, ಸಿಮ್ ಇಲ್ಲದೆಯೇ ಹ್ಯಾಂಡಲ್ ಮೇಲೆ ಕೂರಿಸಿ. ಕರೆ ಬರುವುದಿಲ್ಲ, ವಾಟ್ಸ್‌ಆ್ಯಪ್ ಇಣುಕುವುದಿಲ್ಲ. ದಿನಬಳಕೆಯ ಫೋನು ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಅಪಘಾತವಾಗಿ ಬೈಕೊಂದು ಕಡೆ, ಸವಾರನೊಂದು ಕಡೆ ಬಿದ್ದಾಗ ಸಹಾಯಕ್ಕೆ ಕರೆಯಬೇಕಾದ ಫೋನು ಬೈಕಿನ ಜೊತೆ ಕಂದಕ ಸೇರಬಾರದು.

ಬಿಸಿಲು, ಮಳೆ, ನಡುಕ

ಮೂರರಲ್ಲಿ ಜನ ಹೆಚ್ಚು ಹೆದರುವುದು ಮಳೆಗೆ. ನಮ್ಮ ನಾಡಿನಲ್ಲಿ ಹೆಚ್ಚು ಕಾಡುವುದು ಬಿಸಿಲು. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ಏಪ್ರಿಲ್‌ನ ಕಲಬುರಗಿ, ರಾಯಚೂರಿನಲ್ಲಿ ನೆರಳಿನ ತಾಪವೇ 40 ದಾಟುತ್ತದೆ. ಬಿಸಿಲಿಗೆ ಮುಖ ಮಾಡಿದ ಫೋನು ಚಾರ್ಜ್ ಆಗುತ್ತ, ಪೂರ್ತಿ ಬೆಳಕಿನಲ್ಲಿ ಉರಿಯುತ್ತ, ಪ್ಲಾಸ್ಟಿಕ್ ಚೀಲದೊಳಗೆ ಕೂತಿದ್ದರೆ ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲುತ್ತದೆ, ಕೊನೆಗೆ ಫೋನೇ ಮುಷ್ಕರ ಹೂಡುತ್ತದೆ. ಜಲನಿರೋಧಕವೆಂದು ಮಾರುವ ಪಾರದರ್ಶಕ ಚೀಲಗಳು ಬೇಸಿಗೆಯಲ್ಲಿ ಫೋನನ್ನು ಬೇಯಿಸುತ್ತವೆ. ತೆರೆದ ಮೌಂಟೇ ಲೇಸು, ಗಾಳಿಯಾದರೂ ತಾಗುತ್ತದೆ. ವೈರ್‌ಲೆಸ್ ಚಾರ್ಜಿಂಗ್ ಇರುವ ಮೌಂಟುಗಳು ನೋಡಲು ಚೆಂದ, ಆದರೆ ಬಿಸಿ ಹೆಚ್ಚಿಸುತ್ತವೆ. ಹಗಲಲ್ಲಿ ಬಿಳಿ ಹಿನ್ನೆಲೆಯ ನಕ್ಷೆ ಕಪ್ಪು ಹಿನ್ನೆಲೆಗಿಂತ ಸ್ಪಷ್ಟ. ಬೈಕ್ ನಿಲ್ಲಿಸಿ ಚಹಾಕ್ಕೆ ಹೋಗುವಾಗ ಸಾಧನವನ್ನು ಕಳಚಿಕೊಂಡು ಹೋಗಿ. ಕಳ್ಳತನ ಒಂದು ಕಾರಣ. ನಿಂತ ಬೈಕಿನ ಮೇಲೆ ಗಾಳಿಯಾಡದೆ ಅದು ಕಾಯುವುದು ಇನ್ನೊಂದು.

ಮಳೆಗೆ ಐಪಿ ಎಂಬ ಮಾಪನವಿದೆ. ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯಬಲ್ಲದು ಎಂದರ್ಥ. ಇದು ನಿಂತ ನೀರಿನ ಪರೀಕ್ಷೆ. ವೇಗದಲ್ಲಿ ರಾಚುವ ಮಳೆ, ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ವಾಟರ್ ಬೇರೆ ಸಂಗತಿ, ಅದಕ್ಕೆ 5 ಮತ್ತು 6ನೇ ದರ್ಜೆಯ ಪರೀಕ್ಷೆಗಳಿವೆ. ಬೈಕ್ ತೊಳೆಸುವ ಮುನ್ನ ಸಾಧನವನ್ನು ತೆಗೆದಿಡುವುದು ಇದಕ್ಕೇ. ಫೋನು ಮಳೆಯಲ್ಲಿ ಉಳಿದುಕೊಂಡರೂ ಕೆಲಸಕ್ಕೆ ಬಾರದಿರಬಹುದು. ನೀರ ಹನಿಯನ್ನೇ ಬೆರಳೆಂದು ತಿಳಿದು ಪರದೆ ತಾನೇ ತಾನಾಗಿ ನಕ್ಷೆ ಎಳೆದಾಡುತ್ತದೆ. ಚಾರ್ಜಿಂಗ್ ರಂಧ್ರದಲ್ಲಿ ತೇವ ಕಂಡರೆ ಹಲವು ಫೋನುಗಳು ಚಾರ್ಜಿಂಗನ್ನೇ ನಿರಾಕರಿಸುತ್ತವೆ. ಮುಂಗಾರಿನ ಜಡಿಮಳೆಯಲ್ಲಿ ಮಲೆನಾಡಿಗೆ ಹೋಗುವವರು ಹೊರಡುವ ಮುನ್ನವೇ ಮಾರ್ಗ ಹಾಕಿ, ಪರದೆ ಲಾಕ್ ಮಾಡಿ, ಧ್ವನಿಯನ್ನೇ ನೆಚ್ಚಿಕೊಳ್ಳುವುದು ಜಾಣತನ.

ನಡುಕದ ವಿಷಯದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ಲೇ ಎಚ್ಚರಿಕೆ ಕೊಟ್ಟಿತು. ಫೋನಿನ ಕ್ಯಾಮೆರಾದೊಳಗೆ ಚಿತ್ರ ಅಲುಗದಂತೆ ಲೆನ್ಸನ್ನು ಹಿಡಿದಿಡುವ ಸೂಕ್ಷ್ಮ ಭಾಗಗಳಿವೆ. ದೊಡ್ಡ ಎಂಜಿನ್ನಿನ ಬೈಕಿನ ಕಂಪನಕ್ಕೆ ದೀರ್ಘಕಾಲ ಒಡ್ಡಿದರೆ ಅವು ಹಾಳಾಗಬಹುದು ಎಂಬುದು ಅದರ ಸಾರ. ಇತರ ಕಂಪನಿಗಳ ಫೋನುಗಳಲ್ಲೂ ಇಂಥ ಭಾಗಗಳಿರುವುದರಿಂದ ಆಂಡ್ರಾಯ್ಡ್ ಬಳಸುವವರು ನಿಶ್ಚಿಂತರಾಗಬೇಕಿಲ್ಲ. ನಮ್ಮಲ್ಲಿ ಪ್ರೀತಿಗೆ ಪಾತ್ರವಾದ ದೊಡ್ಡ ಬೈಕುಗಳಲ್ಲಿ ಬಹುಪಾಲು ಸಿಂಗಲ್ ಸಿಲಿಂಡರಿನವು, ನಡುಗುವುದು ಅವುಗಳ ಹುಟ್ಟುಗುಣ. ರಬ್ಬರ್ ಅಥವಾ ಸಿಲಿಕಾನಿನ ಕಂಪನ ತಡೆಯುವ ಭಾಗವಿರುವ ಮೌಂಟು ಕೊಳ್ಳಿ, ಅಥವಾ ಮೊದಲೇ ಹೇಳಿದಂತೆ ಕ್ಯಾಮೆರಾ ಹೋದರೂ ಚಿಂತೆಯಿಲ್ಲದ ಹಳೆಯ ಫೋನು ಬಳಸಿ.

ಕರೆಂಟಿನ ಲೆಕ್ಕ

ಪರದೆ ಸದಾ ಉರಿಯುತ್ತಿದ್ದರೆ ಫೋನಿನ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ಯುಎಸ್‌ಬಿಗೆ ಬೇಕಾದ 5 ವೋಲ್ಟ್ ತೆಗೆಯುವ ಚಾರ್ಜರ್ ಹಾಕಿಸಬೇಕು. 2 ಆಂಪಿಯರ್ ಎಂದರೆ 10 ವ್ಯಾಟ್, ಸೋರಿಕೆ ಸೇರಿಸಿ ಹನ್ನೆರಡರ ಆಸುಪಾಸು. ಸಣ್ಣ ಬೈಕಿನ ಹಳೆಯ ಹ್ಯಾಲೋಜನ್ ಹೆಡ್‌ಲೈಟು 35 ವ್ಯಾಟ್ ತಿನ್ನುತ್ತದೆ. ಆದ್ದರಿಂದ ಓಡುವ ಬೈಕಿಗೆ ಇದು ಹೊರೆಯಲ್ಲ.

ಅಪಾಯವಿರುವುದು ನಿಂತಿರುವಾಗ. ಚಾರ್ಜರನ್ನು ನೇರ ಬ್ಯಾಟರಿಗೆ ಕಟ್ಟಿದರೆ ಫೋನು ಸಿಕ್ಕಿಸದಿದ್ದರೂ ಅದು ಕರೆಂಟು ಹೀರುತ್ತದೆ. 20 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಆಯಿತು. 4 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿ ಒಂದು ವಾರದಲ್ಲಿ ನೆಲಕಚ್ಚುತ್ತದೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಬೈಕುಗಳಿಗೆ ಪೆಟ್ರೋಲ್ ಪಂಪು ತಿರುಗಲೂ ಕರೆಂಟು ಬೇಕು, ಪೂರ್ತಿ ಸತ್ತ ಬ್ಯಾಟರಿಯ ಬೈಕನ್ನು ತಳ್ಳಿದರೂ ಅದು ಏಳುವುದಿಲ್ಲ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿನಿಂದ, ಅಥವಾ ರಿಲೇ ಮೂಲಕ ಸಂಪರ್ಕ ಕೊಡಿಸಿ. ಬ್ಯಾಟರಿಯ ಪ್ಲಸ್ ಕಡೆ, ಆದಷ್ಟು ಹತ್ತಿರದಲ್ಲೇ, ಸಣ್ಣ ಫ್ಯೂಸ್ ಇರಲಿ. ಎಬಿಎಸ್ ಅಥವಾ ಇಸಿಯುವಿನ ವೈರನ್ನು ಕತ್ತರಿಸಿ ಜೋಡಿಸುವ ಎಲೆಕ್ಟ್ರಿಷಿಯನ್ನಿನ ಕೈಗೆ ವಾರಂಟಿಯ ಬೈಕನ್ನು ಕೊಡಬೇಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ವೈರು ಎಳೆಯುತ್ತದೆಯೇ, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡದೆ ಅಂಗಡಿಯಿಂದ ಹೊರಡಬೇಡಿ.

ಎಲ್ಲಿ ಕೂರಿಸಬೇಕು

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಪರದೆ ನೋಡಿದರೆ 33 ಮೀಟರ್ ಕುರುಡು ಸವಾರಿ. ಹಾಗಾಗಿ ಪರದೆ ರಸ್ತೆಯ ನೋಟಕ್ಕೆ ಆದಷ್ಟು ಹತ್ತಿರ, ಮೀಟರಿನ ಮೇಲ್ಭಾಗದಲ್ಲಿ ಅಥವಾ ಪಕ್ಕದಲ್ಲಿ ಇದ್ದರೆ ಒಳ್ಳೆಯದು. ಟ್ಯಾಂಕಿನ ಮೇಲಿನ ಚೀಲದಲ್ಲಿಟ್ಟರೆ ತಲೆ ಬಗ್ಗಿಸಲೇಬೇಕು. ಮೀಟರ್, ಎಚ್ಚರಿಕೆ ದೀಪಗಳು, ಕೀ ಹಾಕುವ ಜಾಗ ಮುಚ್ಚಬಾರದು.

ಮೌಂಟುಗಳಲ್ಲಿ ಗಟ್ಟಿತನಕ್ಕೆ ಹೆಸರಾದದ್ದು ಗುಂಡು ಮತ್ತು ಬಟ್ಟಲಿನ ಜೋಡಣೆಯ ರ‍್ಯಾಮ್ ಮೌಂಟು. ಬೈಕುಗಳಿಗೆ ಹೆಚ್ಚು ಬಳಕೆಯಾಗುವುದು ಅದರ 1 ಅಂಗುಲದ ಗುಂಡು. ಸ್ಪ್ರಿಂಗ್ ಹಿಡಿತದ ಅಗ್ಗದ ಹೋಲ್ಡರು ನಯವಾದ ರಸ್ತೆಯಲ್ಲಿ ಸಾಕು, ಹಂಪಿನ ಮೇಲೆ ಹಾರಿದ ಬೈಕಿನಿಂದ ಫೋನು ಹಾರಿಹೋದ ಕತೆಗಳಿಗೆ ಬರವಿಲ್ಲ. ಯಾವ ಮೌಂಟಾದರೂ ಸರಿ, ಒಂದು ಗಟ್ಟಿ ದಾರದಿಂದ ಸಾಧನವನ್ನು ಹ್ಯಾಂಡಲಿಗೆ ಕಟ್ಟಿರಿ.

ಮಾರ್ಗ ಹಾಕುವುದು

ಗೂಗಲ್ ಮ್ಯಾಪ್ಸ್ ದ್ವಿಚಕ್ರ ವಾಹನಗಳಿಗೆಂದೇ ಬೇರೆ ವಿಧಾನವನ್ನು ಮೊದಲು ತಂದದ್ದು ಭಾರತದಲ್ಲಿ, 2017ರ ಡಿಸೆಂಬರ್‌ನಲ್ಲಿ. ಕಾರು ಹೋಗದ ಸಂದುಗೊಂದುಗಳನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಪೇಟೆಯಲ್ಲಿ ಇದು ವರ. ಮಲೆನಾಡಿನಲ್ಲಿ, ಅದೂ ಮಳೆಗಾಲದಲ್ಲಿ, ಒಳದಾರಿ ಎಂದರೆ ಕಾಫಿ ತೋಟದ ಜಾರುವ ಮಣ್ಣುದಾರಿಯಾಗಿರಬಹುದು. ಅಲ್ಲಿ ಕಾರಿನ ಮಾರ್ಗವನ್ನೇ ಆರಿಸುವುದು ಮೇಲು. ಆದರೆ ಕಾರಿನ ಮಾರ್ಗಕ್ಕೂ ಅದರದೇ ತೊಡಕಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮುಂಬೈನ ಅಟಲ್ ಸೇತುವಿನಲ್ಲೂ ಬಾಂದ್ರಾ–ವರ್ಲಿ ಸೇತುವೆಯಲ್ಲೂ ಹೀಗೇ. ಯಾವ ವಿಧಾನ ಆರಿಸಿದ್ದರೂ ರಸ್ತೆಬದಿಯ ಫಲಕ ಹೇಳಿದ್ದೇ ಅಂತಿಮ.

ಸಮಯದ ನಿರ್ಬಂಧವನ್ನು ಸಾಧನ ಲೆಕ್ಕಕ್ಕೆ ಹಿಡಿದೇ ಹಿಡಿಯುತ್ತದೆ ಎಂದು ನಂಬಬೇಡಿ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸಂಜೆ ಏಳಕ್ಕೆ ಮೈಸೂರಿನ ಚಹಾದಂಗಡಿಯಲ್ಲಿ ಕೂತು ಊಟಿಗೆ ದಾರಿ ಹಾಕಿದವರು ಈ ಲೆಕ್ಕವನ್ನು ತಾವೇ ಮಾಡಬೇಕು. ಮಳೆಗಾಲದಲ್ಲಿ ಭೂಕುಸಿತದಿಂದ ಶಿರಾಡಿ, ಚಾರ್ಮಾಡಿ ಘಾಟಿಗಳು ಮುಚ್ಚುವುದುಂಟು. ಅದಕ್ಕೆ ಆಯಾ ಜಿಲ್ಲಾಡಳಿತದ ಪ್ರಕಟಣೆಯನ್ನೇ ನೋಡಬೇಕು.

ಗುಂಪಿನಲ್ಲಿ ಹೋಗುವವರು ಮಾರ್ಗವನ್ನು ಜಿಪಿಎಕ್ಸ್ ಕಡತವಾಗಿ ಹಂಚಿಕೊಳ್ಳುತ್ತಾರೆ. ಇದರಲ್ಲಿ ಎರಡು ಬಗೆಯುಂಟು, ಎಡವಟ್ಟಾಗುವುದು ಇಲ್ಲೇ. ರೂಟ್ ಎಂದರೆ ಕ್ರಮವಾಗಿ ಜೋಡಿಸಿದ ಕೆಲವು ಬಿಂದುಗಳು. ಅವುಗಳ ನಡುವಿನ ದಾರಿಯನ್ನು ಪ್ರತಿ ಸಾಧನವೂ ತನ್ನ ನಕ್ಷೆ ನೋಡಿ ತಾನೇ ಲೆಕ್ಕ ಹಾಕುತ್ತದೆ. ಒಂದೇ ಕಡತ ಇಟ್ಟುಕೊಂಡ ಇಬ್ಬರು ಸವಾರರನ್ನು ಎರಡು ಬೇರೆ ದಾರಿಯಲ್ಲಿ ಕಳಿಸಬಹುದು. ಟ್ರ್ಯಾಕ್ ಎಂದರೆ ಸಾವಿರಾರು ಬಿಂದುಗಳ ಒತ್ತಾದ ಗೆರೆ. ಸಾಧನ ಅದನ್ನು ಬದಲಿಸುವುದಿಲ್ಲ, ಆದರೆ ಹಲವು ಸಾಧನಗಳು ಅದರ ಮೇಲೆ ತಿರುವಿನ ಸೂಚನೆಯನ್ನೂ ಕೊಡುವುದಿಲ್ಲ. ಕಾಡುದಾರಿಗೆ ಟ್ರ್ಯಾಕ್, ಹೆದ್ದಾರಿಗೆ ರೂಟ್ ಎಂಬುದು ಒಂದು ಸ್ಥೂಲ ನಿಯಮ. ರೂಟಿನ ಬಿಂದುಗಳನ್ನು ಇಡುವಾಗ ನಕ್ಷೆಯನ್ನು ಚೆನ್ನಾಗಿ ಹಿಗ್ಗಿಸಿ ರಸ್ತೆಯ ಮೇಲೆಯೇ, ಅದೂ ಹೋಗುವ ಪಥದಲ್ಲೇ ಇಡಬೇಕು. ಡಿವೈಡರಿನ ಆಚೆ ಬಿಂದು ಬಿದ್ದರೆ ಸಾಧನ ಯೂಟರ್ನ್ ಹೊಡೆಸಿ ಅದನ್ನು ಮುಟ್ಟಿಸಿಯೇ ಮುಂದೆ ಬಿಡುತ್ತದೆ. ಊಟಕ್ಕೆಂದು ಇಟ್ಟ ಬಿಂದುವಿನಲ್ಲಿ ನಿಲ್ಲದೆ ಮುಂದೆ ಹೋದರೂ ಅಷ್ಟೇ, ಹಿಂದಿರುಗಿ ಎಂದು ಹಠ ಹಿಡಿಯುತ್ತದೆ. ಆಗ ಆ ಬಿಂದುವನ್ನು ಬಿಟ್ಟುಬಿಡು ಎಂದು ಹೇಳುವ ಬಟನ್ ಎಲ್ಲಿದೆಯೆಂದು ಮನೆಯಲ್ಲೇ ತಿಳಿದಿರಬೇಕು.

ಊರಿನ ಹೆಸರು ಹಾಕಿ ಹುಡುಕುವಾಗ ಹೋಬಳಿ, ತಾಲ್ಲೂಕು ನೋಡದೆ ಒತ್ತಬೇಡಿ. ಹೊಸಹಳ್ಳಿ, ರಾಮಪುರಗಳು ನಮ್ಮಲ್ಲಿ ಊರಿಗೊಂದು. ಹೋಮ್‌ಸ್ಟೇಯವರು ಕಳಿಸಿದ ಅಕ್ಷಾಂಶ, ರೇಖಾಂಶವಾದರೆ ಇನ್ನೂ ಖಚಿತ, ಆದರೆ ಬರೆದ ಕ್ರಮ ಗಮನಿಸಿ. 13 ಡಿಗ್ರಿ 30 ನಿಮಿಷ ಎಂದರೆ ದಶಮಾಂಶದಲ್ಲಿ 13.5. ಅದನ್ನು 13.30 ಎಂದು ತುಂಬಿದರೆ 22 ಕಿ.ಮೀ. ದಕ್ಷಿಣಕ್ಕೆ ಹೋಗಿಬಿಡುತ್ತೀರಿ.

ದಾರಿಯಲ್ಲಿ

ಕಣ್ಣಿಗಿಂತ ಕಿವಿಗೆ ಕೆಲಸ ಕೊಡುವುದು ಸುರಕ್ಷಿತ. ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲೂ ದಾರಿ ಹೇಳುತ್ತದೆ. ಉಚ್ಚಾರಣೆ ನಗು ತರಿಸಿದರೂ ಎಡಬಲ ತಪ್ಪುವುದಿಲ್ಲ. ಹೆಲ್ಮೆಟ್ಟಿನೊಳಗೆ ಕೂರಿಸುವ ಬ್ಲೂಟೂತ್ ಸ್ಪೀಕರು ಕಿವಿ ಮುಚ್ಚುವ ಇಯರ್‌ಫೋನಿಗಿಂತ ಮೇಲು, ಹಿಂದಿನ ಬಸ್ಸಿನ ಹಾರ್ನೂ ಕೇಳಬೇಕಲ್ಲ.

ಬೈಕ್ ನಿಂತಾಗ ಬಾಣದ ಗುರುತು ಗಿರಗಿರನೆ ತಿರುಗಿದರೆ ಸಾಧನ ಕೆಟ್ಟಿತೆಂದು ತಿಳಿಯಬೇಡಿ. ಚಲನೆ ಇದ್ದಾಗ ಮಾತ್ರ ಜಿಪಿಎಸ್‌ಗೆ ದಿಕ್ಕು ಗೊತ್ತಾಗುತ್ತದೆ. ಫೋನಿನ ದಿಕ್ಸೂಚಿ ಹತ್ತಿರದ ಕಬ್ಬಿಣಕ್ಕೂ ಮೌಂಟಿನ ಅಯಸ್ಕಾಂತಕ್ಕೂ ದಾರಿ ತಪ್ಪುತ್ತದೆ. ಹತ್ತು ಮಾರು ಮುಂದೆ ಹೋದರೆ ಬಾಣ ಸರಿಹೋಗುತ್ತದೆ. ಜಿಪಿಎಸ್ ತೋರಿಸುವ ವೇಗ ಮೀಟರಿಗಿಂತ ಕೆಲವು ಕಿ.ಮೀ. ಕಡಿಮೆಯಿರುವುದೂ ಸಹಜ. ಮೀಟರುಗಳನ್ನು ತುಸು ಹೆಚ್ಚು ತೋರಿಸುವಂತೆಯೇ ಮಾಡಿರುತ್ತಾರೆ.

ಎತ್ತರ ಅಳೆಯುವುದರಲ್ಲಿ ಜಿಪಿಎಸ್ ಸ್ವಲ್ಪ ಮಂದ. ಬೆಂಗಳೂರಿನ ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡಿನಲ್ಲೋ ನೀವು ಫ್ಲೈಓವರ್ ಮೇಲಿದ್ದೀರೋ ಕೆಳಗಿದ್ದೀರೋ ಅದಕ್ಕೆ ಬೇಗ ತಿಳಿಯುವುದಿಲ್ಲ. ಇಂಥ ಕಡೆ ಮುಂಚೆಯೇ ಫಲಕ ಓದಿಕೊಳ್ಳಬೇಕು.

2024ರ ನವೆಂಬರ್‌ನಲ್ಲಿ ಉತ್ತರಪ್ರದೇಶದ ಬರೇಲಿ ಬಳಿ ರಾಮಗಂಗಾ ನದಿಯ ಸೇತುವೆಯ ಮುರಿದ ತುದಿಯಿಂದ ಕಾರೊಂದು ಕೆಳಗೆ ಬಿದ್ದು ಮೂವರು ಸತ್ತರು. ಅವರು ನ್ಯಾವಿಗೇಷನ್ ನೋಡಿಕೊಂಡು ಹೋಗುತ್ತಿದ್ದರೆಂದು ವರದಿಯಾಯಿತು. ಸೇತುವೆಯ ಒಂದು ಭಾಗ ಅದಕ್ಕೆ ಮುಂಚೆಯೇ ಪ್ರವಾಹಕ್ಕೆ ಕೊಚ್ಚಿಹೋಗಿತ್ತು, ದಾರಿಗೆ ಸರಿಯಾದ ತಡೆಯೂ ಇರಲಿಲ್ಲ. ಉಪಗ್ರಹಕ್ಕೆ ಸೇತುವೆ ಮುರಿದದ್ದು ಗೊತ್ತಾಗುವುದಿಲ್ಲ. ಯಾರಾದರೂ ನಕ್ಷೆಯಲ್ಲಿ ಗುರುತಿಸುವವರೆಗೆ ಅದು ಗಟ್ಟಿ ಸೇತುವೆಯೇ. ಕತ್ತಲಲ್ಲಿ, ಮಳೆಯಲ್ಲಿ, ಎದುರು ಒಂದೂ ವಾಹನ ಬಾರದ ದಾರಿಗೆ ಸಾಧನ ತಿರುಗಿಸಿದರೆ ಬೈಕ್ ನಿಲ್ಲಿಸಿ ಸ್ಥಳೀಯರನ್ನು ಕೇಳಿ. ಆ ಕಡೆಯಿಂದ ಬಂದ ಹಾಲಿನ ವ್ಯಾನಿನ ಡ್ರೈವರಿಗೆ ಗೊತ್ತಿರುವಷ್ಟು ತಾಜಾ ಸುದ್ದಿ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಹಳೆಯ ಸಾಧನ ಕೊಳ್ಳುವಾಗ

ಸೆಕೆಂಡ್ ಹ್ಯಾಂಡ್ ಸಾಧನ ಆನ್ ಮಾಡಿದಾಗ ಬಯಲಿನಲ್ಲಿ ದಿನಾಂಕ ಸರಿ ತೋರಿಸುತ್ತದೆಯೇ ನೋಡಿ. ಹಳೆಯ ಜಿಪಿಎಸ್ ಸಂಕೇತ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹೀಗಾದಾಗ ತಂತ್ರಾಂಶ ನವೀಕರಿಸದ ಕೆಲವು ಸಾಧನಗಳ ದಿನಾಂಕ ಸುಮಾರು 20 ವರ್ಷ ಹಿಂದಕ್ಕೆ ಹೋಯಿತು. ಉಳಿದಂತೆ ಬ್ಯಾಟರಿ ಉಬ್ಬಿದೆಯೇ, ಮೌಂಟಿನ ಸಂಪರ್ಕದ ಪಿನ್ನುಗಳು ತುಕ್ಕು ಹಿಡಿದಿವೆಯೇ, ಆ ಮಾದರಿಗೆ ಕಂಪನಿ ಇನ್ನೂ ನಕ್ಷೆ ಕೊಡುತ್ತಿದೆಯೇ ಎಂಬ ಮೂರನ್ನು ನೋಡಿದರೆ ಸಾಕು.

ಕಾನೂನು

ಸವಾರಿ ಮಾಡುತ್ತ ಫೋನ್ ಕೈಯಲ್ಲಿ ಹಿಡಿಯುವುದು ಅಪರಾಧ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮಕ್ಕೆ ತಂದ ತಿದ್ದುಪಡಿಯ ಪ್ರಕಾರ 2020ರ ಅಕ್ಟೋಬರ್ 1ರಿಂದ ಅಂಥ ಸಾಧನವನ್ನು ದಾರಿ ನೋಡಲು ಮಾತ್ರ, ಗಮನ ಕೆಡದ ರೀತಿಯಲ್ಲಿ ಬಳಸಬಹುದು. ಮೌಂಟಿನಲ್ಲಿರುವ ಫೋನಿನ ನಕ್ಷೆ ತೋರಿಸಿ ಪೊಲೀಸರಿಗೆ ಉತ್ತರ ಕೊಡಬಹುದು. ಅದೇ ಮೌಂಟಿನಲ್ಲಿ ಕ್ರಿಕೆಟ್ ಪಂದ್ಯ ಓಡುತ್ತಿದ್ದರೆ ಕೊಡಲಾಗದು.

ಲಡಾಖ್, ಸ್ಪಿತಿಗೆ ಹೋಗುವವರು ಕೆಲವೊಮ್ಮೆ ಗಾರ್ಮಿನ್ ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ವಿದೇಶದಿಂದ ತರಿಸಿಕೊಳ್ಳುವ ಯೋಚನೆ ಮಾಡುತ್ತಾರೆ. ಸಂಕೇತವನ್ನು ಕೇಳುವ ಜಿಪಿಎಸ್ ಸಾಧನಕ್ಕೆ ಅಡ್ಡಿಯಿಲ್ಲ. ಉಪಗ್ರಹಕ್ಕೆ ಸಂದೇಶ ಕಳಿಸುವ ಸಾಧನ ಇಟ್ಟುಕೊಳ್ಳಲು ಮಾತ್ರ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು, ಇಲ್ಲದಿದ್ದರೆ ಅದು ಭಾರತದಲ್ಲಿ ಕಾನೂನುಬಾಹಿರ. 2024ರ ಡಿಸೆಂಬರ್ ಹಾಗೂ 2025ರ ಜನವರಿಯಲ್ಲಿ ಗೋವಾ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಇಂಥ ಸಾಧನ ತಂದಿದ್ದ ವಿದೇಶಿ ಪ್ರವಾಸಿಗರನ್ನು ಪೊಲೀಸರ ವಶಕ್ಕೆ ಕೊಟ್ಟ ಪ್ರಕರಣಗಳು ಸುದ್ದಿಯಾದವು. ಡಬ್ಬಿಯ ಮೇಲೆ ತುರ್ತು ಸಂದೇಶದ ಬಟನ್ ಕಂಡರೆ ಅದು ಮೊಬೈಲ್ ನೆಟ್‌ವರ್ಕಿನಿಂದ ಹೋಗುವುದೋ ಉಪಗ್ರಹದಿಂದಲೋ ಎಂದು ದುಡ್ಡು ಕೊಡುವ ಮುನ್ನವೇ ಕೇಳಿಕೊಳ್ಳಿ.